ಎಣ್ಣೆ, ನೀರು ಮತ್ತು ಅನರ್ಥದಂಡ

ಶ್ರಾವಕರ ಹನ್ನೆರಡು ವ್ರತಗಳಲ್ಲಿ ಅನರ್ಥದಂಡವಿರತಿಯಷ್ಟು ನಿತ್ಯಜೀವನಕ್ಕೆ ಹತ್ತಿರವಾದ ವ್ರತವೂ, ಅಷ್ಟೇ ಬೇಗ ಮರೆತುಹೋಗುವ ವ್ರತವೂ ಇನ್ನೊಂದಿರಲಾರದು. ಕೊಲೆ, ಸುಳ್ಳು, ಕಳವುಗಳು ಎದ್ದು ಕಾಣುವ ದೋಷಗಳು. ಅವುಗಳಿಂದ ದೂರವಿರಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕಾರಣವಿಲ್ಲದೆ, ಲಕ್ಷ್ಯವಿಲ್ಲದೆ, ದಿನವೂ ನಮ್ಮ ಕೈಯಿಂದ ಜರುಗುವ ಸಣ್ಣ ಸಣ್ಣ ಹಾನಿಗಳು ಲೆಕ್ಕಕ್ಕೆ ಬರುವುದಿಲ್ಲ. ಅವುಗಳ ಲೆಕ್ಕ ಇಡುವುದಕ್ಕಾಗಿಯೇ ಈ ವ್ರತವಿದೆ. ದಿಗಂಬರ, ಶ್ವೇತಾಂಬರ ಪರಂಪರೆಗಳೆರಡೂ ಇದನ್ನು ಗುಣವ್ರತಗಳಲ್ಲಿ ಎಣಿಸಿವೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ ಮತ್ತು ಪ್ರಮಾದಚರ್ಯೆ. ಮಣ್ಣು, ನೀರು, ಬೆಂಕಿ, ಗಾಳಿಗಳನ್ನು ನಿಷ್ಫಲವಾಗಿ ಕದಡುವುದು, ಗಿಡಬಳ್ಳಿಗಳನ್ನು ಸುಮ್ಮನೆ ಕತ್ತರಿಸುವುದು, ಗುರಿಯಿಲ್ಲದೆ ಅಲೆಯುವುದು, ಅಲೆಯಿಸುವುದು, ಇವು ಐದನೆಯ ಬಗೆಯಲ್ಲಿ ಸೇರುತ್ತವೆ.

ಈ ಐದನೆಯ ಬಗೆಯನ್ನು ಕುರಿತು ಒಂದು ಪ್ರಶ್ನೆಯನ್ನು ಇಲ್ಲಿ ವಿಚಾರಿಸಬೇಕಾಗಿದೆ. ಪ್ರಶ್ನೆ ಮೇಲ್ನೋಟಕ್ಕೆ ಕ್ಷುಲ್ಲಕವೆನಿಸಬಹುದು. ಕೈಫೋನಿನಲ್ಲಿಯೇ ಕ್ಯಾಮೆರಾ ಬಂದ ಮೇಲೆ ಮನೆಯೊಳಗೇ ಕುಳಿತು ಮಾಡಬಹುದಾದ ಒಂದು ಹವ್ಯಾಸ ಎಳೆಯರಲ್ಲಿಯೂ ಬಿಡುವುಳ್ಳ ಹಿರಿಯರಲ್ಲಿಯೂ ಹರಡಿದೆ. ಗಾಜಿನ ತಟ್ಟೆಯಲ್ಲಿ ನೀರು ಹಾಕಿ, ಅದರ ಮೇಲೆ ಎಣ್ಣೆಯ ಹನಿಗಳನ್ನು ತೇಲಿಬಿಟ್ಟು, ಆ ಹನಿಗಳ ವೃತ್ತಗಳನ್ನು ಹತ್ತಿರದಿಂದ ಸೆರೆಹಿಡಿಯುವ ಛಾಯಾಗ್ರಹಣ ಅದು. ಚಿತ್ರದಲ್ಲಿ ತಟ್ಟೆಯೂ ಕಾಣದು, ಅಡುಗೆಮನೆಯೂ ಕಾಣದು. ಬಣ್ಣದ ಬಿಂಬಗಳು ಮಾತ್ರ ಕಾಣುತ್ತವೆ. ಇಂಥವಕ್ಕೆ ಅಮೂರ್ತ ಚಿತ್ರಗಳೆಂದು ಹೆಸರು. ಹೊಟ್ಟೆಗೂ ಬಾರದ, ಬಟ್ಟೆಗೂ ಬಾರದ ಈ ಕೆಲಸಕ್ಕೆ ನೀರನ್ನೂ ಎಣ್ಣೆಯನ್ನೂ ಬಳಸುವುದು ಪ್ರಮಾದಚರ್ಯೆಯಾಗುವುದೋ ಇಲ್ಲವೋ? ರೋಣ, ನರಗುಂದ, ಗಜೇಂದ್ರಗಡಗಳಂಥ ಒಣಸೀಮೆಯಲ್ಲಿ ಬಾಳುವ ಕುಟುಂಬಗಳಿಗೆ ಈ ಪ್ರಶ್ನೆಯ ಮೊನೆ ಇನ್ನಷ್ಟು ಚುಚ್ಚುತ್ತದೆ.

ಮೊದಲು ಕ್ರಿಯೆಯ ಸ್ವರೂಪವನ್ನು ತಿಳಿಯೋಣ. ಒಂದು ಪಾರದರ್ಶಕ ತಟ್ಟೆ, ಅದನ್ನು ಒಂದು ಗೇಣಿನಷ್ಟು ಎತ್ತರಿಸಿ ಹಿಡಿಯಲು ಎರಡೂ ಬದಿಗೆ ಲೋಟಗಳು ಅಥವಾ ಪುಸ್ತಕಗಳು, ಕೆಳಗೆ ಹಾಸಲು ಬಣ್ಣದ ಬಟ್ಟೆ, ಕಿಟಕಿಯಿಂದ ಬರುವ ಬೆಳಕು ಇಷ್ಟಿದ್ದರೆ ಸಾಕು. ಗುಳೇದಗುಡ್ಡದ ಖಣವೋ ಇಳಕಲ್ಲ ಸೀರೆಯ ಸೆರಗೋ ಹಾಸಿದರೆ ಚಿತ್ರಕ್ಕೆ ಬೇರೆ ಬಣ್ಣ ಬೇಕಾಗುವುದಿಲ್ಲ. ಕುಸುಬಿ ಎಣ್ಣೆಯಾಗಲಿ ಶೇಂಗಾ ಎಣ್ಣೆಯಾಗಲಿ ನೀರಿಗಿಂತ ಹಗುರು. ನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ ಅಡುಗೆ ಎಣ್ಣೆಯದು ಸುಮಾರು 0.92. ಆದುದರಿಂದ ಎಣ್ಣೆ ತೇಲುತ್ತದೆ. ನೀರಿನ ಅಣುಗಳು ತಮ್ಮತಮ್ಮಲ್ಲಿಯೇ ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಎಣ್ಣೆ ಅವುಗಳ ನಡುವೆ ಕರಗದೆ ಹನಿಯಾಗಿಯೇ ಉಳಿಯುತ್ತದೆ. ಬೆಳಕು ನೀರಿನಲ್ಲಿ ಬಾಗುವ ಪ್ರಮಾಣವೇ ಬೇರೆ, ಎಣ್ಣೆಯಲ್ಲಿ ಬಾಗುವ ಪ್ರಮಾಣವೇ ಬೇರೆ. ಹೀಗಾಗಿ ಪ್ರತಿಯೊಂದು ಹನಿಯೂ ಒಂದು ಪುಟ್ಟ ಮಸೂರವಾಗಿ ಕೆಳಗಿನ ಬಟ್ಟೆಯ ಬಣ್ಣವನ್ನು ತನ್ನೊಳಗೆ ಕೂಡಿಸಿಕೊಂಡು ತೋರಿಸುತ್ತದೆ. ಬಟ್ಟೆ ದೂರದಲ್ಲಿರುವುದರಿಂದ ಅದರ ಎಳೆಗಳು ಮಸುಕಾಗುತ್ತವೆ, ಹನಿಯ ಅಂಚು ಸ್ಪಷ್ಟವಾಗಿ ನಿಲ್ಲುತ್ತದೆ. ಚಿತ್ರದ ಗುಟ್ಟು ಇಷ್ಟೇ.

ಇನ್ನು ಆಕ್ಷೇಪವನ್ನು ಅದರ ಪೂರ್ಣ ಬಲದೊಂದಿಗೆ ಕೇಳಬೇಕು. ಮೊಮ್ಮಗಳ ಕೈಯಲ್ಲಿ ಎಣ್ಣೆಯ ಬಟ್ಟಲನ್ನು ಕಂಡ ಅಜ್ಜಿ, “ಅಡಗಿ ಮಾಡೋ ಎಣ್ಣಿ ನೀರಾಗ ಯಾಕ ಚೆಲ್ಲತೀ, ತಂಗಿ?” ಎಂದು ಕೇಳಿದರೆ ಅದನ್ನು ಹಳೆಯ ಕಾಲದ ಗೊಣಗಾಟವೆಂದು ತಳ್ಳಿಹಾಕುವುದು ಅವಿವೇಕ. ಆ ಮಾತಿನ ಹಿಂದೆ ಈ ನೆಲದ ಇತಿಹಾಸವೇ ಇದೆ. ಇದೇ ಸೀಮೆಯ ನರೇಗಲ್ಲಿನಲ್ಲಿ ಗಂಗ ಬೂತುಗನ ರಾಣಿ ಪದ್ಮಬ್ಬರಸಿ ಕಟ್ಟಿಸಿದ ಬಸದಿಯ ವಿಷಯವನ್ನು ಹೇಳುವ 950ರ ಶಾಸನ, ಆ ಬಸದಿಯ ದಾನಶಾಲೆಗೆ ಕೆರೆಯೊಂದನ್ನು ದತ್ತಿ ಬಿಟ್ಟದ್ದನ್ನು ದಾಖಲಿಸಿದೆ. ನೀರನ್ನು ದತ್ತಿಯಾಗಿ ಕೊಡುತ್ತಿದ್ದ ನಾಡು ಇದು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಕಾಲುವೆ ತಂದ ಬಳಿಕವೂ ನೀರಿನ ಚಿಂತೆ ತೀರಲಿಲ್ಲ. 1980ರ ಜುಲೈ 21ರಂದು ನರಗುಂದದಲ್ಲಿ ರೈತರ ಬಂಡಾಯ ಗೋಲಿಬಾರಿನಲ್ಲಿ ಮುಗಿದದ್ದು ಕಾಲುವೆ ನೀರಿನ ಕರಭಾರದಿಂದ. 2015ರಲ್ಲಿ ಅದೇ ಊರಿನಲ್ಲಿ ಆರಂಭವಾಗಿ ದೀರ್ಘಕಾಲ ನಡೆದ ಧರಣಿ ಮಹದಾಯಿಯ ಕಳಸಾ-ಬಂಡೂರಿ ನೀರಿಗಾಗಿ. ಇಂಥಲ್ಲಿ ನೀರು ಆಟದ ವಸ್ತುವಾಗಲಾರದೆಂಬ ಭಾವನೆ ಸಹಜವಾದದ್ದು. ಅದರ ಮೇಲೆ ಶಾಸ್ತ್ರದ ದೃಷ್ಟಿಯೂ ಇದೆ. ನೀರು ನಮಗೆ ಕೇವಲ ವಸ್ತುವಲ್ಲ; ಅಪ್ಕಾಯ ಜೀವಗಳ ಶರೀರ. ಸೋಸದ ನೀರಿನಲ್ಲಿ ತ್ರಸಜೀವಗಳೂ ಇರುತ್ತವೆ.

ಎಣ್ಣೆಯ ವಿಷಯವೂ ಹಾಗೆಯೇ. ಎರೆಭೂಮಿಯಲ್ಲಿ ಹಿಂಗಾರಿನ ತೇವವನ್ನೇ ನಂಬಿ ಬೆಳೆಯುವ ಕುಸುಬಿಯ ಮುಳ್ಳುಗಿಡವನ್ನು ಕೊಯ್ದು, ಬಡಿದು, ತೂರಿ, ಗಾಣಕ್ಕೆ ಹಾಕಿದ ಮೇಲೆ ಬರುವ ಎಣ್ಣೆ ಅದು. ಒಂದು ಚಮಚೆ ಎಣ್ಣೆಯ ಹಿಂದೆ ಎಷ್ಟು ಬೆವರಿದೆಯೋ ಅಷ್ಟು ಆರಂಭಹಿಂಸೆಯೂ ಇದೆ. ಇಷ್ಟೇ ಅಲ್ಲ, ಎಣ್ಣೆ ತೇಲುವ ತಟ್ಟೆಯನ್ನು ರಾತ್ರಿ ದೀಪದಡಿಯಲ್ಲಿ ತೆರೆದಿಟ್ಟರೆ ಬೆಳಕಿಗೆ ಬಂದ ಹುಳುಗಳು ಅದರಲ್ಲಿ ಬೀಳುತ್ತವೆ. ನೀರಿನಿಂದ ಏಳಬಲ್ಲ ಹುಳು ಎಣ್ಣೆ ಮೆತ್ತಿದ ರೆಕ್ಕೆಯಿಂದ ಏಳಲಾರದು. ಆಟ ಮುಗಿದ ಮೇಲೆ ಆ ನೀರನ್ನು ಎಲ್ಲಿ ಚೆಲ್ಲಬೇಕೆಂಬುದು ಇನ್ನೊಂದು ಪ್ರಶ್ನೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪಮ್ ಬಯಲಿನ ಹೊಂಡವೊಂದರಲ್ಲಿ ಒಂದೇ ಚಮಚೆ ಎಣ್ಣೆ ಸುರಿದು ನೋಡಿದನು. ಅದು ಹರಡುತ್ತ ಹರಡುತ್ತ ಸುಮಾರು ಅರ್ಧ ಎಕರೆ ನೀರನ್ನು ಕನ್ನಡಿಯಂತೆ ನಿಶ್ಚಲಗೊಳಿಸಿತು. 1774ರಲ್ಲಿ ಈ ವೃತ್ತಾಂತ ಪ್ರಕಟವಾಯಿತು. ಚಮಚೆಯ ಪ್ರಮಾಣವನ್ನೂ ಹರಡಿದ ವಿಸ್ತಾರವನ್ನೂ ಭಾಗಿಸಿ ನೋಡಿದರೆ ಆ ಪೊರೆಯ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷ ಪಾಲುಗಳಲ್ಲಿ ಎರಡು ಮೂರು ಪಾಲಿನಷ್ಟೇ ಆಗುತ್ತದೆ. ನೀರಿನ ಮೇಲ್ಮೈಗೆ ಬಂದು ಉಸಿರಾಡುವ ಕ್ರಿಮಿಗಳಿಗೆ ಎಣ್ಣೆಯ ಪೊರೆ ಮೃತ್ಯುಪಾಶ. ಸೊಳ್ಳೆಯ ಮರಿಗಳನ್ನು ಕೊಲ್ಲಲು ನಿಂತ ನೀರಿಗೆ ಎಣ್ಣೆ ಸಿಂಪಡಿಸುತ್ತಿದ್ದುದು ಇದೇ ಕಾರಣಕ್ಕೆ. ಒಂದು ಚಮಚೆ ಎಣ್ಣೆ ಎಂದು ಹಗುರವಾಗಿ ನುಡಿಯುವವರು ಈ ಅರ್ಧ ಎಕರೆಯನ್ನು ಮರೆಯಬಾರದು.

ಆಕ್ಷೇಪ ಇಷ್ಟು ಬಲವಾಗಿದೆ. ಆದರೂ ಅದರಿಂದಲೇ ತೀರ್ಪು ಹೊರಡುವುದಿಲ್ಲ. ಏಕೆಂದರೆ ಆಚಾರ್ಯರು ನೀರನ್ನು ಮುಟ್ಟುವುದನ್ನೇ ನಿಷೇಧಿಸಲಿಲ್ಲ. ನಿಷ್ಫಲವಾಗಿ ಕದಡುವುದನ್ನು ನಿಷೇಧಿಸಿದರು. ಗೃಹಸ್ಥನು ಅಡುಗೆ, ಕೃಷಿ, ಸ್ನಾನಗಳಿಗಾಗಿ ಸ್ಥಾವರ ಜೀವಗಳ ಹಿಂಸೆಯಿಂದ ಪೂರ್ತಿ ತಪ್ಪಿಸಿಕೊಳ್ಳಲಾರನೆಂಬುದನ್ನು ಒಪ್ಪಿಕೊಂಡ ಮೇಲೆಯೇ ಅಣುವ್ರತಗಳ ವ್ಯವಸ್ಥೆ ಬಂದದ್ದು. ಹಾಗಾದರೆ ‘ಫಲ’ ಎಂದರೇನು? ಯಾವುದು ‘ಅರ್ಥ’, ಯಾವುದು ‘ಅನರ್ಥ’?

ಇಲ್ಲಿ ನಮ್ಮ ಸಮಾಜದಲ್ಲಿ ಬೇರೂರಿರುವ ಒಂದು ತಪ್ಪು ಗ್ರಹಿಕೆಯನ್ನು ಹೇಳದೆ ವಿಧಿಯಿಲ್ಲ. ನಮ್ಮಲ್ಲಿ ವ್ಯಾಪಾರಸ್ಥರು ಬಹಳ. ಅರ್ಥವೆಂದರೆ ಹಣವೆಂಬ ಭಾವನೆ ನಾಲಗೆಗೆ ಬೇಗ ಬರುತ್ತದೆ. ಅಂಗಡಿಯ ಮುಂದಿನ ಧೂಳು ಅಡಗಲೆಂದು ದಿನಕ್ಕೆರಡು ಸಲ ಕೊಡಗಟ್ಟಲೆ ನೀರು ಚಿಮುಕಿಸುವುದು ‘ಅರ್ಥ’ವುಳ್ಳ ಕೆಲಸವೆನಿಸುತ್ತದೆ, ಮಗು ಒಂದು ತಟ್ಟೆ ನೀರಿನಲ್ಲಿ ಹನಿಗಳನ್ನು ನೋಡುವುದು ‘ಅನರ್ಥ’ವೆನಿಸುತ್ತದೆ. ಲಾಭವೇ ಪ್ರಯೋಜನದ ಅಳತೆಯಾದರೆ ಅನರ್ಥದಂಡವ್ರತವು ಜಮಾಖರ್ಚಿನ ನಿಯಮವಾಗಿಬಿಡುತ್ತದೆ. ಲಾಭ ತರುವ ಹಿಂಸೆಗೆಲ್ಲ ಅದು ಪರವಾನಿಗೆ ಕೊಟ್ಟಂತಾಗುತ್ತದೆ. ಹಿಂಸೆಯ ಸಾಧನಗಳನ್ನು ಪರರಿಗೆ ಕೊಡುವುದು ಎಷ್ಟೇ ಲಾಭದಾಯಕವಾಗಿದ್ದರೂ ಸಮಂತಭದ್ರರು ಅದನ್ನು ಅನರ್ಥದಂಡದಲ್ಲಿಯೇ ಸೇರಿಸಿದ್ದಾರೆಂಬುದನ್ನು ನೆನೆದರೆ ಈ ಗ್ರಹಿಕೆ ಎಷ್ಟು ತಪ್ಪೆಂಬುದು ತಿಳಿಯುತ್ತದೆ. ಅರ್ಥವೆಂದರೆ ಇಲ್ಲಿ ಪ್ರಯೋಜನ, ಪ್ರಯೋಜನವೆಂದರೆ ಹಣವಲ್ಲ.

ತಿಳಿವಳಿಕೆ ಒಂದು ಪ್ರಯೋಜನವೇ? ಹೌದೆನ್ನಲು ಒಂದು ಉದಾಹರಣೆ ಇದೆ. ಜರ್ಮನಿಯ ಬ್ರೌನ್‌ಶ್ವೈಗ್ ಪಟ್ಟಣದಲ್ಲಿ 1862ರಲ್ಲಿ ಜನಿಸಿದ ಆಗ್ನೆಸ್ ಪೊಕೆಲ್ಸ್ ಎಂಬ ಹೆಣ್ಣುಮಗಳೊಬ್ಬಳು ಬಾಳಿದಳು. ಅವಳು ಹುಟ್ಟಿದ ಊರು ಮಾತ್ರ ಇಟಲಿಯ ವೆನಿಸ್. ಆ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಮನೆಗೆಲಸ, ತಂದೆತಾಯಿಗಳ ಶುಶ್ರೂಷೆ, ಇವೇ ಅವಳ ದಿನಚರಿ. ಪಾತ್ರೆ ತೊಳೆಯುವ ನೀರಿನ ಮೇಲೆ ಎಣ್ಣೆಯ ಜಿಡ್ಡು ಹರಡಿ ನೀರಿನ ಮೇಲ್ಮೈಯ ಬಿಗುವು ಸಡಿಲಗೊಳ್ಳುವುದನ್ನು ಅವಳು ಗಮನಿಸಿದಳು; ಗಮನಿಸಿ ಸುಮ್ಮನಾಗದೆ ಮನೆಯಲ್ಲಿಯೇ ಒಂದು ತೊಟ್ಟಿಯನ್ನು ಸಿದ್ಧಪಡಿಸಿಕೊಂಡು ವರ್ಷಗಟ್ಟಲೆ ಅಳೆದಳು. 1891ರ ಜನವರಿಯಲ್ಲಿ ತನ್ನ ಫಲಿತಾಂಶಗಳನ್ನು ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲಿಗೆ ಪತ್ರದಲ್ಲಿ ಬರೆದಳು. ಆತ ಅದರ ಬೆಲೆಯನ್ನು ಅರಿತು ‘ನೇಚರ್’ ಪತ್ರಿಕೆಗೆ ಕಳಿಸಿಕೊಟ್ಟನು; ಅದೇ ವರ್ಷ ಅದು ಪ್ರಕಟವಾಯಿತು. ಮೇಲ್ಮೈಗಳ ವಿಜ್ಞಾನಕ್ಕೆ ಅದೊಂದು ತಳಹದಿಯೆಂದು ಇಂದು ಎಣಿಸಲಾಗಿದೆ. ಅವಳು ಬಳಸಿದ್ದು ಹೇಗೂ ಚೆಲ್ಲಿಹೋಗಲಿದ್ದಂಥ ನೀರನ್ನು, ಹೇಗೂ ತೊಳೆದುಹೋಗಲಿದ್ದಂಥ ಜಿಡ್ಡನ್ನು. ಹೊಸದಾಗಿ ಬಂದದ್ದು ಲಕ್ಷ್ಯವೊಂದೇ.

ಆದರೆ ತಟ್ಟೆಯ ಮುಂದೆ ಕುಳಿತವರೆಲ್ಲರೂ ಪೊಕೆಲ್ಸ್ ಆಗುವುದಿಲ್ಲ. ಆಗಬೇಕೆಂದು ಕೇಳುವುದೂ ನ್ಯಾಯವಲ್ಲ. ಬಹುಮಂದಿ ಈ ಚಿತ್ರ ತೆಗೆಯುವುದು ಅದು ಸುಂದರವೆಂದು. ಸೌಂದರ್ಯಕ್ಕಾಗಿ ಮಾಡುವ ಆರಂಭವನ್ನು ಜೈನ ಪರಂಪರೆ ಒಪ್ಪಿಕೊಂಡಿಲ್ಲವೇ? ನಮ್ಮದೇ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವನ್ನು ನೋಡಿದವರು ಇಲ್ಲವೆನ್ನಲಾರರು. ಪೂಜೆಗೆ ನಾಲ್ಕು ಗೋಡೆ ಸಾಕಾಗಿತ್ತು; ಕಂಬಗಳನ್ನು ಅಷ್ಟು ನಯವಾಗಿ ಕಡೆಯಬೇಕಾಗಿರಲಿಲ್ಲ. ಅದು ಭಕ್ತಿಯ ಕಾರ್ಯ, ಇದು ಬರಿಯ ವಿನೋದ, ಎರಡಕ್ಕೂ ಹೋಲಿಕೆ ಸಲ್ಲದೆಂದು ಯಾರಾದರೂ ಹೇಳಿದರೆ ಆ ಮಾತು ಸರಿಯೇ. ಹೋಲಿಕೆಯಿಂದ ಸಿದ್ಧವಾಗುವುದು ಇಷ್ಟು ಮಾತ್ರ: ಕಣ್ಣಿಗೆ ಸೊಗಸಾದದ್ದೆಲ್ಲವೂ ಅದೇ ಕಾರಣಕ್ಕೆ ನಿಷ್ಫಲವಲ್ಲ. ಸೊಗಸಾದದ್ದೆಲ್ಲ ಸಫಲವೆಂದು ಇದರಿಂದ ಹೇಳಲಾಗದು. ಅಳತೆಗೋಲನ್ನು ಬೇರೆ ಕಡೆಯಲ್ಲಿ ಹುಡುಕಬೇಕು.

ಆ ಅಳತೆಗೋಲು ಕುಂದಕುಂದಾಚಾರ್ಯರ ಸಮಯಸಾರದ ಬಂಧಾಧಿಕಾರದಲ್ಲಿ, ಅದೂ ಎಣ್ಣೆಯ ದೃಷ್ಟಾಂತದಲ್ಲಿಯೇ ಸಿಗುತ್ತದೆ. ಮೈಗೆ ಎಣ್ಣೆ ಬಳಿದುಕೊಂಡ ಒಬ್ಬನು ಧೂಳಿನ ಬಯಲಿನಲ್ಲಿ ಆಯುಧ ಹಿಡಿದು ಸಾಧನೆ ಮಾಡುತ್ತಾನೆ. ಮೈಗೆಲ್ಲ ಧೂಳು ಮೆತ್ತುತ್ತದೆ. ಎಣ್ಣೆಯಿಲ್ಲದ ಇನ್ನೊಬ್ಬನು ಅದೇ ಬಯಲಿನಲ್ಲಿ ಅದೇ ಸಾಧನೆ ಮಾಡಿದರೂ ಧೂಳು ಮೆತ್ತುವುದಿಲ್ಲ. ಧೂಳು ಅಂಟಿದ್ದಕ್ಕೆ ಕಾರಣ ಬಯಲೂ ಅಲ್ಲ, ಕೈಕಾಲಿನ ಚಲನೆಯೂ ಅಲ್ಲ, ಮೈಮೇಲಿನ ಜಿಡ್ಡು. ಜಿಡ್ಡಿಗೂ ಅಕ್ಕರೆಗೂ ಸಂಸ್ಕೃತದಲ್ಲಿ ‘ಸ್ನೇಹ’ ಎಂಬ ಒಂದೇ ಶಬ್ದವಿರುವುದು ಈ ದೃಷ್ಟಾಂತವನ್ನು ಇನ್ನಷ್ಟು ಮೊನಚುಗೊಳಿಸಿದೆ. ಕರ್ಮ ಅಂಟುವುದು ರಾಗದ ಜಿಡ್ಡಿನಿಂದ. ಒಂದೇ ತಟ್ಟೆ, ಒಂದೇ ನೀರು, ಒಂದೇ ಚಮಚೆ ಎಣ್ಣೆಯನ್ನು ಇಬ್ಬರು ಬಳಸಿದರೂ ಇಬ್ಬರಿಗೂ ಒಂದೇ ಫಲವಿಲ್ಲದಿರುವುದು ಇದರಿಂದಲೇ.

ಈ ಮಾತು ಜಾರುವ ನೆಲ. ‘ನನಗೆ ರಾಗವಿಲ್ಲ, ಆದುದರಿಂದ ಎಷ್ಟು ಚೆಲ್ಲಿದರೂ ದೋಷವಿಲ್ಲ’ ಎಂದು ಯಾರೂ ಇದರಿಂದ ತೀರ್ಮಾನಿಸಬಾರದು. ಸಮಯಸಾರದ ಟೀಕಾಕಾರರಾದ ಅಮೃತಚಂದ್ರಾಚಾರ್ಯರು ಇದೇ ಪ್ರಸಂಗದಲ್ಲಿ, ಹೀಗೆಂದ ಮಾತ್ರಕ್ಕೆ ಜ್ಞಾನಿಯಾದವನು ನಿರಂಕುಶವಾಗಿ ನಡೆಯುವುದು ತರವಲ್ಲವೆಂದು ಎಚ್ಚರಿಸಿದ್ದಾರೆ. ಲಗಾಮಿಲ್ಲದ ನಡೆಯೇ ಒಳಗೆ ಜಿಡ್ಡು ಇರುವುದಕ್ಕೆ ಸಾಕ್ಷಿ. ರಾಗವನ್ನು ಕಣ್ಣಿನಿಂದ ಕಾಣಲಾಗದು, ಪ್ರಮಾದವನ್ನು ಕಾಣಬಹುದು. ಆದುದರಿಂದ ಗೃಹಸ್ಥರಾದ ನಾವು ನೋಡಬೇಕಾದದ್ದು ಪ್ರಮಾದವನ್ನು.

ಹೀಗೆ ನೋಡಿದಾಗ ಪ್ರಶ್ನೆಗೆ ಉತ್ತರ ತೆರೆದುಕೊಳ್ಳುತ್ತದೆ. ಎಣ್ಣೆ-ನೀರಿನ ಚಿತ್ರಕ್ಕೆ ಫಲವಿದೆಯೇ ಇಲ್ಲವೇ ಎಂಬುದು ಚಿತ್ರದಲ್ಲಿ ತಿಳಿಯುವುದಿಲ್ಲ. ಚಿತ್ರ ತೆಗೆದವರ ಮುಂದಿನ ನಡೆಯಲ್ಲಿ ತಿಳಿಯುತ್ತದೆ. ಒಂದು ಗಂಟೆಯ ಹೊತ್ತು ಒಂದು ಹನಿಯ ಮೇಲೆ ದೃಷ್ಟಿಯಿಟ್ಟು, ಉಸಿರು ತಾಕಿದರೂ ಅದು ನಡುಗುವುದನ್ನು ಕಂಡವರು ಎದ್ದು ಹೋಗಿ ಬಚ್ಚಲಿನಲ್ಲಿ ನಲ್ಲಿಯನ್ನು ಸುಮ್ಮನೆ ಹರಿಯಬಿಟ್ಟರೆ ಅವರ ಚಿತ್ರ ನಿಷ್ಫಲ, ಆ ತಟ್ಟೆಯ ನೀರು ಅನರ್ಥ. ಅದೇ ಕಣ್ಣು ಕೊಡದಲ್ಲಿರುವ ನೀರನ್ನೂ ಹನಿಹನಿಯಾಗಿ ಕಾಣಲು ಕಲಿತರೆ ಆ ಕಲಿಕೆಯೇ ಫಲ. ನೋಟವು ಜಾಗರೂಕತೆಯನ್ನು ಹೆಚ್ಚಿಸಬೇಕು. ‘ಇದರಿಂದ ನಾನು ಕಲಿಯುತ್ತಿದ್ದೇನೆ’ ಎಂಬ ನೆಪದಿಂದ ಯಾವ ಚಟವನ್ನಾದರೂ ಸಮರ್ಥಿಸಬಹುದಲ್ಲ ಎಂದು ಕೇಳಬಹುದು. ಸಮರ್ಥಿಸಲಾಗದು, ಏಕೆಂದರೆ ಕಲಿತದ್ದನ್ನು ಬಾಯಿಂದ ಹೇಳಿದರೆ ಸಾಲದು, ಮನೆಯ ನೀರಿನ ಕೊಡ ಅದನ್ನು ಹೇಳಬೇಕು.

ಜಾಗರೂಕತೆ ಕ್ರಿಯೆಯಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆಂಬುದನ್ನು ವಿವರವಾಗಿಯೇ ಹೇಳಬಹುದು. ಇಪ್ಪತ್ತು ಸೆಂಟಿಮೀಟರು ಅಗಲದ ತಟ್ಟೆಯಲ್ಲಿ ಎರಡು ಸೆಂಟಿಮೀಟರು ಆಳಕ್ಕೆ ನೀರು ಹಾಕಿದರೆ ಅದು ಆರುನೂರು ಮಿಲಿಲೀಟರಿಗಿಂತ ತುಸು ಹೆಚ್ಚು. ಅದಕ್ಕಿಂತ ಹೆಚ್ಚು ನೀರಿನಿಂದ ಚಿತ್ರವೇನೂ ಉತ್ತಮಗೊಳ್ಳುವುದಿಲ್ಲ. ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿಕೊಂಡು, ಸೋಸಿದ ಬಟ್ಟೆಯಲ್ಲಿ ಉಳಿದದ್ದನ್ನು ಆ ನೀರಿನ ಮೂಲಕ್ಕೇ ಮರಳಿಸಬೇಕು. ಸೋಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಎಂದರೆ 48 ನಿಮಿಷ. ಆ ಅವಧಿಯೊಳಗೆ ಕೆಲಸ ಮುಗಿಸುವುದು ಆಗದ ಮಾತೇನಲ್ಲ. ಈ ಮಿತಿ ಚಿತ್ರಕ್ಕೂ ಒಳ್ಳೆಯದು. ಹೊತ್ತು ಕಳೆದಂತೆ ಹನಿಗಳು ಒಂದರೊಳಗೊಂದು ಕೂಡಿಕೊಂಡು ದೊಡ್ಡ ಪೊರೆಯಾಗಿಬಿಡುತ್ತವೆ. ರಾತ್ರಿಯ ದೀಪವನ್ನು ಬಿಟ್ಟು ಹಗಲಿನ ಕಿಟಕಿಯ ಬೆಳಕನ್ನು ಆಶ್ರಯಿಸಬೇಕು. ನಡುವೆ ಎದ್ದು ಹೋಗಬೇಕಾದರೆ ತಟ್ಟೆಯನ್ನು ಮುಚ್ಚಬೇಕು. ಗಜೇಂದ್ರಗಡದ ಗುಡ್ಡದ ಗಾಳಿಯನ್ನು ಬಲ್ಲವರಿಗೆ, ತೆರೆದ ನೀರಿಗೆ ಧೂಳೂ ಹುಳುವೂ ಬೀಳಲು ಎಷ್ಟು ಹೊತ್ತು ಬೇಕೆಂಬುದನ್ನು ಹೇಳಬೇಕಾಗಿಲ್ಲ. ಸಾಬೂನಿನ ನೀರು ಬೆರೆಸಿದರೆ ಹನಿಗಳು ಚಿಕ್ಕಚಿಕ್ಕದಾಗಿ ಒಡೆದು ಚಿತ್ರ ಚೆಲುವಾಗುತ್ತದೆಂದು ಹಲವರು ಹೇಳುತ್ತಾರೆ. ಅದು ನಿಜ, ಆದರೆ ಸಾಬೂನು ಬೆರೆತ ಎಣ್ಣೆಯನ್ನು ಮರಳಿ ಪಡೆಯುವುದು ಕಠಿಣ. ಬೆರೆಸದಿದ್ದರೆ ಎಲ್ಲವನ್ನೂ ಸೀಸೆಗೆ ಸುರಿದು ನಿಲ್ಲಿಸಿದ ಸ್ವಲ್ಪ ಹೊತ್ತಿನಲ್ಲಿ ಎಣ್ಣೆ ಮೇಲೆ, ನೀರು ಕೆಳಗೆ ಬೇರ್ಪಡುತ್ತವೆ. ಎಣ್ಣೆಯನ್ನು ಎತ್ತಿಟ್ಟುಕೊಂಡು ಮುಂದಿನ ಸಲಕ್ಕೆ ಅದನ್ನೇ ಬಳಸಬಹುದು. ಕೊನೆಗೆ ಬಾಗಿಲಿನ ತಿರುಗಣಿಗೋ ಚಕ್ಕಡಿಯ ಅಚ್ಚಿಗೋ ಹಾಕಬಹುದು. ಚರಂಡಿಗಾಗಲಿ ಕೆರೆಗಾಗಲಿ ಒಂದು ಹನಿಯೂ ಹೋಗಬಾರದು. ಅರ್ಧ ಎಕರೆಯ ಲೆಕ್ಕ ನೆನಪಿರಲಿ.

ಮಿತಿ ಬೇಕಾದದ್ದು ನೀರಿಗೆ ಮಾತ್ರವಲ್ಲ, ಚಿತ್ರಗಳಿಗೂ ಬೇಕು. ಫಿಲ್ಮಿನ ಕಾಲದಲ್ಲಿ ಒಂದು ಸುರುಳಿಗೆ ಮೂವತ್ತಾರು ಚಿತ್ರಗಳೆಂಬ ಕಟ್ಟು ತಾನಾಗಿಯೇ ಇತ್ತು. ಇಂದು ಒಂದೇ ಕುಳಿತದಲ್ಲಿ ಮುನ್ನೂರು ತೆಗೆದರೂ ಕೇಳುವವರಿಲ್ಲ. ಕೂಡಿಹಾಕುವುದು ಪರಿಗ್ರಹವೇ, ಅದು ಕಪಾಟಿನಲ್ಲಿದ್ದರೇನು, ಫೋನಿನಲ್ಲಿದ್ದರೇನು? ಇಂದು ಹತ್ತು ಎಂದು ಮೊದಲೇ ಎಣಿಕೆ ಮಾಡಿಕೊಂಡು ಕುಳಿತವರು ಹತ್ತನ್ನೂ ನೋಡಿ ತೆಗೆಯುತ್ತಾರೆ. ಎಣಿಕೆಯಿಲ್ಲದವರು ಒಂದನ್ನೂ ನೋಡುವುದಿಲ್ಲ. ಇನ್ನೊಂದು ಸಂಗತಿಯನ್ನು ನಮ್ಮ ಕುಟುಂಬಗಳು ತಿಳಿದಿರಬೇಕು. 1871ರಲ್ಲಿ ರಿಚರ್ಡ್ ಮ್ಯಾಡಕ್ಸ್ ಎಂಬ ಇಂಗ್ಲಿಷ್ ವೈದ್ಯನು ಜೆಲಟಿನ್ ಲೇಪವನ್ನು ಬಳಕೆಗೆ ತಂದಂದಿನಿಂದ ಫಿಲ್ಮಿನ ಮೇಲೂ ಬೆಳ್ಳಿಯ ಲವಣ ಸವರಿದ ಫೋಟೊ ಕಾಗದದ ಮೇಲೂ ಇರುವುದು ಪ್ರಾಣಿಗಳ ಎಲುಬು, ಚರ್ಮಗಳಿಂದ ತೆಗೆದ ಆ ಲೇಪವೇ. ಫೋನಿನ ಕ್ಯಾಮೆರಾಕ್ಕೆ ಫಿಲ್ಮು ಬೇಡವಾದುದರಿಂದ ಈ ದೋಷ ಅಷ್ಟರಮಟ್ಟಿಗೆ ದೂರವಾಗಿದೆ. ಆದರೆ ಸ್ಟುಡಿಯೋದಲ್ಲಿ ಅಂಥ ಕಾಗದದ ಮೇಲೆ ಪ್ರತಿ ತೆಗೆಸಿದಾಗ ಅದು ಮರಳಿ ಬರುತ್ತದೆ. ತಟ್ಟೆಯ ನೀರಿನ ಬಗ್ಗೆ ಸೂಕ್ಷ್ಮವಾಗಿ ಚಿಂತಿಸುವವರು ಗೋಡೆಗೆ ತೂಗುಹಾಕುವ ಪ್ರತಿಯ ಬಗ್ಗೆ ಚಿಂತಿಸದಿರುವುದು ಅಸಂಗತ.

ಇನ್ನು ಸತ್ಯದ ವಿಚಾರ. ‘ಅಮೂರ್ತ ಚಿತ್ರ’ ಎಂಬ ಹೆಸರೇ ನಮ್ಮ ಪರಿಭಾಷೆಗೆ ಒಗ್ಗುವುದಿಲ್ಲ. ನಮ್ಮಲ್ಲಿ ಅಮೂರ್ತವೆಂದರೆ ಸ್ಪರ್ಶ, ರಸ, ಗಂಧ, ವರ್ಣಗಳಿಲ್ಲದದ್ದು. ಜೀವ, ಧರ್ಮ, ಅಧರ್ಮ, ಆಕಾಶ, ಕಾಲಗಳು ಅಮೂರ್ತ, ಪುದ್ಗಲವೊಂದೇ ಮೂರ್ತ. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವು ನೆರಳನ್ನೂ, ಬಿಸಿಲನ್ನೂ, ತಂಪು ಬೆಳಕನ್ನೂ, ಕತ್ತಲೆಯನ್ನೂ ಪುದ್ಗಲದ ಪರ್ಯಾಯಗಳಲ್ಲಿಯೇ ಎಣಿಸಿದೆ. ಕ್ಯಾಮೆರಾ ಹಿಡಿಯಬಲ್ಲದ್ದು ಇವನ್ನೇ. ಆದುದರಿಂದ ಎಣ್ಣೆ-ನೀರಿನ ಚಿತ್ರ ಅಮೂರ್ತವಲ್ಲ. ತನ್ನ ಹೆಸರನ್ನು ಹೇಳದೆ ನಿಂತ ಮೂರ್ತವಸ್ತು. ಇದು ಕೇವಲ ಶಬ್ದದ ಚರ್ಚೆಯಲ್ಲ. ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ಎಣ್ಣೆಯ ಹನಿಗಳು ಗ್ರಹಗಳಂತೆಯೂ ತಾರಾಮಂಡಲದಂತೆಯೂ ತೋರುತ್ತವೆ. ಅದನ್ನು ಆಕಾಶದ ಚಿತ್ರವೆಂದು ಹಂಚಿದರೆ ಆಟವು ಅಸತ್ಯವಾಯಿತು. ಬಸದಿಗಳ ವಿಶ್ವಸ್ತ ಮಂಡಳಿಗಳು ಪರ್ವದ ಆಮಂತ್ರಣ ಪತ್ರಿಕೆಗೋ ದಿನದರ್ಶಿಕೆಗೋ ಮುಖಚಿತ್ರ ಹುಡುಕುವಾಗ ಈ ಎಚ್ಚರಿಕೆ ಅವಶ್ಯ. ಇಂಥ ಚಿತ್ರವನ್ನು ಮುದ್ರಿಸಬಾರದೆಂದಲ್ಲ. ಮುದ್ರಿಸಿದಾಗ ‘ನೀರಿನ ಮೇಲೆ ಎಣ್ಣೆಯ ಹನಿಗಳು’ ಎಂದು ಕೆಳಗೆ ಒಂದು ಸಾಲು ಇರಲಿ. ಲೋಕಾಕಾಶದ ದರ್ಶನವೆಂದೋ ಆತ್ಮಜ್ಯೋತಿಯೆಂದೋ ಹೆಸರಿಟ್ಟರೆ ನೋಡುವವರ ಶ್ರದ್ಧೆಯೊಡನೆ ಆಟವಾಡಿದಂತಾಗುತ್ತದೆ. ನಿಜವಾದ ಹೆಸರನ್ನು ಹೇಳಿದರೆ ಚಿತ್ರದ ಸೊಗಸು ಕುಂದುವುದಿಲ್ಲ. ಅಡುಗೆಮನೆಯ ಎಣ್ಣೆ ಹೀಗೂ ಕಾಣಬಲ್ಲದೇ ಎಂಬ ಬೆರಗು ಹೆಚ್ಚುತ್ತದೆ.

ತಟ್ಟೆಯ ಮುಂದೆ ಕುಳಿತವರಿಗೆ ಒಂದು ಸಣ್ಣ ಪ್ರಯೋಗವನ್ನು ಸೂಚಿಸಬಹುದು. ಹನಿಗಳು ಕೆಂಪಾಗಿ ಕಾಣುತ್ತಿರುವಾಗ ಕೆಳಗಿನ ಬಟ್ಟೆಯನ್ನು ಮೆಲ್ಲಗೆ ಎಳೆದು ನೋಡಲಿ. ಹನಿಯ ಕೆಂಪೆಲ್ಲ ಬಟ್ಟೆಯೊಡನೆ ಹೊರಟುಹೋಗುತ್ತದೆ. ಉಳಿಯುವುದು ಬಣ್ಣವೇ ಇಲ್ಲವೆನ್ನಬಹುದಾದ ತಿಳಿ ಎಣ್ಣೆ. ಸ್ಫಟಿಕವು ತಾನಾಗಿ ಕೆಂಪಾಗುವುದಿಲ್ಲ, ಸಮೀಪದ ಕೆಂಪು ವಸ್ತುವಿನಿಂದ ಕೆಂಪಾಗಿ ಕಾಣುತ್ತದೆ. ಆತ್ಮವೂ ಹಾಗೆಯೇ ಪರದ್ರವ್ಯದ ನಿಮಿತ್ತದಿಂದ ರಾಗಾದಿಗಳಾಗಿ ಪರಿಣಮಿಸಿದಂತೆ ಕಾಣುತ್ತದೆ ಎಂಬ ಕುಂದಕುಂದರ ದೃಷ್ಟಾಂತವನ್ನು ಪ್ರವಚನಗಳಲ್ಲಿ ಹಲವು ಸಲ ಕೇಳಿದ್ದೇವೆ. ಮಕ್ಕಳಿಗೆ ಸ್ಫಟಿಕವನ್ನು ಎಲ್ಲಿಂದ ತಂದು ತೋರಿಸೋಣ? ಎಣ್ಣೆಯ ಹನಿ ಮನೆಯಲ್ಲಿಯೇ ಇದೆ. ಆದರೆ ದೃಷ್ಟಾಂತವನ್ನು ಅದರ ಎಲ್ಲೆ ಮೀರಿ ಎಳೆಯಬಾರದು. ಎಣ್ಣೆ ನೀರುಗಳೆರಡೂ ಪುದ್ಗಲ. ಅವು ಬೇರೆ ಬೇರೆಯಾಗಿ ನಿಲ್ಲುವುದನ್ನು ತೋರಿಸಿ, ಜೀವ ಮತ್ತು ಕರ್ಮ ಹೀಗೆಯೇ ಎಂದು ಬೋಧಿಸಿದರೆ ಮಕ್ಕಳು ತಪ್ಪು ತಿಳಿಯುತ್ತಾರೆ. ಜೀವಕರ್ಮಗಳಿಗೆ ಹಿರಿಯರು ಕೊಟ್ಟ ಉಪಮಾನ ಹಾಲು-ನೀರಿನದು. ಎಣ್ಣೆಯನ್ನು ನೀರಿನಿಂದ ಬೇರ್ಪಡಿಸಲು ಸೀಸೆಯೊಂದು ಸಾಕು. ಹಾಲು-ನೀರನ್ನು ಬೇರ್ಪಡಿಸಲು ಭೇದವಿಜ್ಞಾನವೇ ಬೇಕು.

ಕೊನೆಯ ಮಾತು ಹಿರಿಯರನ್ನು ಕುರಿತದ್ದು. ವ್ರತದ ಹೆಸರನ್ನು ಎಳೆಯರ ಬಾಯಿ ಮುಚ್ಚಿಸಲು ಬಳಸುವುದು ಸುಲಭ. ‘ಅನರ್ಥದಂಡ’ ಎಂದು ಒಂದು ಶಬ್ದ ನುಡಿದರೆ ಮಗು ತಟ್ಟೆಯನ್ನು ಎತ್ತಿಡುತ್ತದೆ. ನೀರು ಉಳಿಯುತ್ತದೆ, ಆದರೆ ಧರ್ಮವೆಂದರೆ ಬೇಡವೆನ್ನುವ ಮಾತು ಎಂಬ ಭಾವನೆಯೊಂದು ಮಗುವಿನಲ್ಲಿ ಉಳಿದುಬಿಡುತ್ತದೆ. ಆ ತಟ್ಟೆಯ ನೀರು ಎಷ್ಟು? ನಿಮಿಷಕ್ಕೆ ಆರು ಲೀಟರು ಸುರಿಯುವ ನಲ್ಲಿ ಅಷ್ಟು ನೀರನ್ನು ಆರು ಕ್ಷಣಗಳಲ್ಲಿ, ನಾವು ಮುಖಕ್ಕೆ ಸಾಬೂನು ಹಚ್ಚಿಕೊಳ್ಳುವಷ್ಟರಲ್ಲಿ, ಚರಂಡಿಗೆ ಕಳಿಸುತ್ತದೆ. ಮದುವೆ, ಮಹೋತ್ಸವಗಳ ಪಂಕ್ತಿಯಲ್ಲಿ ಎರಡು ಗುಟುಕು ಕುಡಿದು ಬಿಟ್ಟ ಲೋಟಗಳ ನೀರನ್ನು ಕೂಡಿಸಿದರೆ ಎಷ್ಟು ತಟ್ಟೆಗಳಾದಾವೆಂದು ವಿಶ್ವಸ್ತ ಮಂಡಳಿಗಳು ಒಮ್ಮೆಯಾದರೂ ಅಳೆದು ನೋಡಲಿ. ಇದರಿಂದ ಮಗುವಿನ ತಟ್ಟೆ ನಿರ್ದೋಷವೆಂದು ಸಿದ್ಧವಾಗುವುದಿಲ್ಲ. ಒಂದು ತಪ್ಪು ಇನ್ನೊಂದನ್ನು ಅಳಿಸಲಾರದು. ತಿದ್ದುವವರು ಎಲ್ಲಿಂದ ಆರಂಭಿಸಬೇಕೆಂಬುದು ಮಾತ್ರ ಇದರಿಂದ ತಿಳಿಯುತ್ತದೆ.

ಆದುದರಿಂದ ಮನೆಯಲ್ಲಿ ಮಗುವೊಂದು ಎಣ್ಣೆಯ ಬಟ್ಟಲು ಹಿಡಿದು ಬಂದರೆ ಬೇಡವೆನ್ನುವ ಮೊದಲು ನೀರನ್ನು ಸೋಸಿಕೊಡೋಣ, ಅಳತೆಯನ್ನು ಹೇಳಿಕೊಡೋಣ, ಮುಚ್ಚುವ ತಟ್ಟೆಯನ್ನು ಪಕ್ಕದಲ್ಲಿಡೋಣ, ಹನಿಗಳನ್ನು ಜೊತೆಯಲ್ಲಿಯೇ ಕುಳಿತು ನೋಡೋಣ. ಮುಗಿದ ಮೇಲೆ ಎಣ್ಣೆಯನ್ನು ಸೀಸೆಗೆ ಮರಳಿ ತುಂಬುವ ಕೆಲಸ ಮಗುವಿನದೇ ಆಗಲಿ. ಅಷ್ಟನ್ನು ತಾಳ್ಮೆಯಿಂದ ಮಾಡಬಲ್ಲ ಕೈಗೆ ಪ್ರಮಾದಚರ್ಯೆಯ ಅರ್ಥವನ್ನು ಬೇರೆಯಾಗಿ ವಿವರಿಸಬೇಕಾಗುವುದಿಲ್ಲ.